ಅಜ್ಜನಿಗಿಂತ ಮೊದಲು ಬಂದ ಸಂಗೀತ

ಅವಳನ್ನು ಬಳಗದವರೆಲ್ಲ ಹಲ್ಲಕ್ಕ ಅನ್ನುತ್ತಿದ್ದರು. ಹಲ್ಲು ಉಬ್ಬಿತ್ತು ಅಂತಲ್ಲ. ಹಲ್ಲಿನ ಸೆಟ್ಟು ತಯಾರಿಸುವುದು ಅವಳ ಕಸುಬು. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸಿದರೆ, ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವ ತನಕ ಎಲ್ಲವೂ ಅವಳ ಮೇಜಿನ ಮೇಲೇ ನಡೆಯುತ್ತಿತ್ತು. ಮನೆಯಲ್ಲಿ ಅತ್ತೆಯ ಬಾಯಲ್ಲಿದ್ದ ಇಪ್ಪತ್ತೆಂಟು ಹಲ್ಲೂ ಅವಳದೇ ಕೈಕೆಲಸ. ಹಾಗಾಗಿ ಅತ್ತೆ ಸೊಸೆಯ ಮೇಲೆ ಹಲ್ಲು ಕಡಿಯಬೇಕೆಂದರೂ ಸೊಸೆ ಮಾಡಿಕೊಟ್ಟ ಹಲ್ಲನ್ನೇ ಕಡಿಯಬೇಕಿತ್ತು.

ಬಳಗ ಅಂದರೆ ಅಜ್ಜನ ಬಳಗ. ಅಜ್ಜ ಇವರ್ಯಾರಿಗೂ ಅಜ್ಜನಲ್ಲ. ಎಂಬತ್ತರ ಹತ್ತಿರ ಬಂದಿದ್ದ, ಎದೆಯುದ್ದ ಬಿಳಿ ಗಡ್ಡದ ಒಬ್ಬ ಸಂಗೀತ ನಿರ್ದೇಶಕ. ‘ದೂರದ ಠಾಣೆ’ ಅನ್ನುವ ಅಂತರಿಕ್ಷದ ಸಿನಿಮಾದ ಎರಡು ಭಾಗಕ್ಕೂ ಅವನದೇ ಸಂಗೀತ. ಮೂರನೆಯ ಭಾಗ ಬರುತ್ತದೆ ಅನ್ನುವ ಸುದ್ದಿ ಬಿದ್ದ ದಿನ ಹಲ್ಲಕ್ಕ ಫೋನಿನಲ್ಲಿ ಒಂದು ಗುಂಪು ಕಟ್ಟಿದಳು. ಸಿನಿಮಾದ ಕಥೆ ಏನು, ಹೀರೋ ಯಾರು, ರಾಕೆಟ್ಟು ಎಷ್ಟು ದೊಡ್ಡದು ಎಂಬುದೆಲ್ಲ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಸಂಗೀತದ ಮಾತಷ್ಟೇ. ನಾನೂರು ಜನ ಸೇರಿದರು. ಗುಂಪಿಗೆ ಅವಳೇ ಯಜಮಾನಿ, ನಿಯಮ ಬರೆದವಳೂ ಅವಳೇ. ಮೊದಲನೆಯ ನಿಯಮ: ಕದ್ದ ಮಾಲು ಇಲ್ಲಿ ಹಾಕಬಾರದು. ಬಿಡುಗಡೆಗೆ ಮುಂಚೆ ಎಲ್ಲಿಂದಲೋ ಸೋರಿ ಬಂದದ್ದನ್ನು ಹಾಕಿದವರನ್ನು ಆ ಕ್ಷಣವೇ ಹೊರಗೆ ಹಾಕಲಾಗುವುದು. ಹಾಗೆ ಏಳು ಜನರನ್ನು ಹಾಕಿಯೂ ಇದ್ದಳು.

ಅಲ್ಲಿಯ ತನಕ ಸಿಕ್ಕಿದ್ದು ಹನ್ನೊಂದು ಸೆಕೆಂಡಿನ ಒಂದು ತುಣುಕು ಮಾತ್ರ. ಜಾಹೀರಾತಿನಲ್ಲಿ ಬಂದದ್ದು. ಏನೋ ಒಂದು ಗುಂಯ್ ಅನ್ನುತ್ತದೆ, ಟಕ್ ಎಂದು ನಿಲ್ಲುತ್ತದೆ, ಆಮೇಲೆ ಪುಸ್ ಎಂದು ಗಾಳಿ ಬಿಟ್ಟ ಸದ್ದು. ಇಷ್ಟರ ಮೇಲೆ ಬಳಗ ಎರಡು ತಿಂಗಳು ಜಗಳವಾಡಿತು. ಕನ್ನಡಕದಂಗಡಿ ಇಟ್ಟುಕೊಂಡಿದ್ದ ಒಬ್ಬರಿದ್ದರು, ಎಲ್ಲದಕ್ಕೂ ವ್ಯಾಖ್ಯಾನ ಬರೆಯುವ ಚಟದಿಂದ ಅವರಿಗೆ ಪಂಡಿತ ಅಂತ ಹೆಸರು ಬಿದ್ದಿತ್ತು. ಅದು ನಲವತ್ತು ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು ಎಂದು ಅವರು ಬರೆದರು. ಬಸ್ಸು ಓಡಿಸುವ ಇನ್ನೊಬ್ಬ, ಬಳಗದ ಬಾಯಲ್ಲಿ ಬಸ್ಸಣ್ಣ, ಅದು ಗಾಳಿ ಬ್ರೇಕೇ ಅಂತ ಪಟ್ಟು ಹಿಡಿದ. ಪಂಡಿತರು, ಬಸ್ಸಣ್ಣ, ಹಲ್ಲಕ್ಕ ಒಂದೇ ಊರಿನವರಾದ್ದರಿಂದ ಫೋನಿನಲ್ಲಿ ಮುಗಿಯದ ಜಗಳವನ್ನು ಭಾನುವಾರ ಕನ್ನಡಕದಂಗಡಿಯಲ್ಲಿ ಕೂತು ಮುಂದುವರಿಸುತ್ತಿದ್ದರು.

“ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದ್ದೆ,” ಅಂದರು ಅತ್ತೆ ಒಂದು ದಿನ. “ಕುಲಾವಿ ಯಾವ ಬಣ್ಣದ್ದು ಅಂತ ಹೊಡೆದಾಡೋರನ್ನ ಈಗಲೇ ನೋಡಿದ್ದು.”

ಹೀಗಿರುವಾಗ ಒಂದು ಸೋಮವಾರ ಸುದ್ದಿ ಬಂತು: ಸಿನಿಮಾ ನಾಲ್ಕು ತಿಂಗಳು ಮುಂದಕ್ಕೆ. ಸಂಗೀತವೂ ಅದರ ಜೊತೆಗೇ ಮುಂದಕ್ಕೆ. ಕಾರಣ ಹೇಳಿರಲಿಲ್ಲ.

ನಲವತ್ಮೂರು ವರ್ಷದ, ಮನೆಮಠ ಇರುವ ಹೆಂಗಸು ಒಂದು ಸಿನಿಮಾ ಸಂಗೀತಕ್ಕಾಗಿ ಊಟ ಬಿಟ್ಟಳು ಅಂದರೆ ನಂಬುವುದು ಕಷ್ಟ. ಊಟ ಬಿಡಲಿಲ್ಲ, ಮಾತು ಬಿಟ್ಟಳು. ಎರಡು ದಿನ ಕೆಲಸದ ಕೋಣೆಯಲ್ಲಿ ಯಂತ್ರಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಲ್ಲಿದ್ದವರೇ ಇಬ್ಬರು, ಅವಳು ಮತ್ತು ಮೇಷ್ಟ್ರು. ಮೇಷ್ಟ್ರು ಅಂದರೆ ಪಾಠ ಹೇಳುವ ಮೇಷ್ಟ್ರಲ್ಲ, ಆ ಕೋಣೆಯ ಯಜಮಾನರು. ಇಪ್ಪತ್ತು ವರ್ಷದ ಹಿಂದೆ ಅವಳಿಗೆ ಮೇಣ ಹಿಡಿಯುವುದನ್ನು ಕಲಿಸಿದವರಾದ್ದರಿಂದ ಹಾಗೆ ಕರೆಯುತ್ತಿದ್ದಳು. ಅರವತ್ತೇಳು ವಯಸ್ಸು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವಳು ಕೆಲಸ ಮಾಡುತ್ತ ಅಜ್ಜನ ಸಂಗೀತ ಹಾಕಿದರೆ ಬೇಡ ಅಂದವರಲ್ಲ, ಚೆನ್ನಾಗಿದೆ ಅಂದವರೂ ಅಲ್ಲ. ಆ ಎರಡು ದಿನ ಅವರು ಅವಳನ್ನು ಕನ್ನಡಕದ ಮೇಲಿನಿಂದ ಆಗಾಗ ನೋಡಿದರು, ಅಷ್ಟೇ.

ಗುರುವಾರ ಮಧ್ಯಾಹ್ನ ಅವಳು ಒಂದು ಸೆಟ್ಟು ಹಿಡಿದು ದಂತವೈದ್ಯೆಯ ಹತ್ತಿರ ಹೋದಳು. ರೋಗಿಯ ಬಾಯಿಗೆ ಕೂರಿಸಿ, ಎಲ್ಲಿ ಚುಚ್ಚುತ್ತದೆ ಎಂದು ನೋಡಿ, ಅಲ್ಲೇ ಸ್ವಲ್ಪ ಉಜ್ಜಿ ಕೊಡುವ ಕೆಲಸ. ಒಂದೂವರೆ ಗಂಟೆ ಹಿಡಿಯಿತು. ಫೋನು ಚೀಲದಲ್ಲಿತ್ತು. ಹೊರಗೆ ಬಂದು ನೋಡಿದರೆ ಬಳಗದಲ್ಲಿ ಆರುನೂರ ನಲವತ್ತು ಸಂದೇಶ.

ಅಜ್ಜ ಹೋಗಿಬಿಟ್ಟ ಅಂದುಕೊಂಡಳು. ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತು ಕೆಳಗಿನಿಂದ ಮೇಲಕ್ಕೆ ಓದತೊಡಗಿದಳು.

“ಹಲ್ಲಕ್ಕ, ಎಲ್ಲಿ ಸಿಕ್ತು ಇದು?”

“ಎಂಟನೇ ಸಲ ಕೇಳ್ತಿದ್ದೀನಿ.”

“ಕದ್ದ ಮಾಲು ಬೇಡ ಅಂತ ಏಳು ಜನರನ್ನ ಓಡಿಸಿದೋಳು ಇವಳೇ ಅಲ್ವಾ?”

“ನಿಯಮ ಇರ್ಲಿ ಬಿಡ್ರಪ್ಪ, ಮೂರನೇ ನಿಮಿಷ ಕೇಳಿ ಮೊದಲು.”

ಮೇಲೆ ಹೋಗಿ ಹೋಗಿ ಬುಡ ಮುಟ್ಟಿದಾಗ ಕಂಡದ್ದು ಅವಳದೇ ಹೆಸರು, ಅವಳದೇ ಚಿತ್ರ. ಅದರಡಿ ‘ಠಾಣೆ ೩’ ಅನ್ನುವ ಹೆಸರಿನ ಒಂದು ಹಾಡಿನ ಕಡತ, ಐದು ನಿಮಿಷದ್ದು. ಕಳಿಸಿದ ಹೊತ್ತು ಹನ್ನೆರಡೂ ಮುಕ್ಕಾಲು. ಆ ಹೊತ್ತಿಗೆ ಅವಳ ಎರಡು ಬೆರಳು ಒಬ್ಬ ಅಪರಿಚಿತ ಗಂಡಸಿನ ಬಾಯೊಳಗಿದ್ದವು.

ನಡುವೆ ಪಂಡಿತರ ವ್ಯಾಖ್ಯಾನ ಇತ್ತು, ನಾಲ್ಕು ಪುಟದ್ದು. ಇದು ಅಜ್ಜನ ಜೀವಮಾನದ ಶ್ರೇಷ್ಠ ಕೃತಿ. ಶುರುವಿನ ಮಿಡಿತ ಗರ್ಭದಲ್ಲಿರುವ ಮಗುವಿನ ಎದೆಬಡಿತ. ಅದರ ಮೇಲೆ ಬರುವ ದೀರ್ಘ ನಾದ ಇದುವರೆಗೆ ಯಾರೂ ಬಳಸದ ತಂತಿವಾದ್ಯ. ನಡುನಡುವೆ ಕೇಳುವ ನಿಟ್ಟುಸಿರು ಭೂಮಿಯನ್ನು ಬಿಟ್ಟು ಹೋಗುವವರದು. ಕೊನೆಗೆ ಹೀಗಿತ್ತು: “ಅಂಗಡಿ ಬಾಗಿಲು ಅರ್ಧ ಮುಚ್ಚಿ ಕೂತು ಅತ್ತುಬಿಟ್ಟೆ.”

ಹಲ್ಲಕ್ಕ ಕಿವಿಗೆ ಇಯರ್‌ಫೋನು ಸಿಕ್ಕಿಸಿ ಒತ್ತಿದಳು.

ಮೊದಲ ಒಂದು ನಿಮಿಷ ಅವಳಿಗೂ ಮೈ ಜುಮ್ಮೆಂದಿತು. ಎಲ್ಲೋ ಆಳದಲ್ಲಿ ಧಡಧಡ ಅನ್ನುವ ಮಿಡಿತ. ಅದರ ಮೇಲೆ ನಿಧಾನವಾಗಿ ಎದ್ದು ಬಂದ ಒಂದು ಸ್ವರ, ಬಹಳ ದೂರದಿಂದ ಯಾರೋ ಕರೆದ ಹಾಗೆ. ಚೆನ್ನಾಗಿತ್ತು, ನಿಜಕ್ಕೂ ಚೆನ್ನಾಗಿತ್ತು. ಮೂರನೇ ನಿಮಿಷಕ್ಕೆ ತಾಳ ಸೇರಿತು: ಟಕ್, ಟಕ್, ಸ್ವಲ್ಪ ತಡೆದು ಟಟಕ್. ಹಲ್ಲಕ್ಕ ಇಯರ್‌ಫೋನು ಕಿತ್ತಳು. ಆ ತಡೆದು ಬರುವ ಟಟಕ್ ಅವಳಿಗೆ ಗೊತ್ತು. ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ನೋಡಲು ಅವಳ ಮೇಜಿನ ಮೇಲೆ ಒಂದು ಲೋಹದ ದವಡೆ ಇದೆ, ತೆರೆದು ಮುಚ್ಚುವಂಥದ್ದು. ಅದರ ಎಡಗಡೆಯ ತಿರುಪು ಸಡಿಲವಾಗಿ ಒಂದು ವರ್ಷವಾಯಿತು. ಮುಚ್ಚಿದಾಗೆಲ್ಲ ಹೀಗೇ ಎರಡು ಸಲ ಬಡಿಯುತ್ತದೆ.

ತಾಳ ಹಿಡಿದ ಮೇಲೆ ಉಳಿದದ್ದೂ ಒಂದೊಂದಾಗಿ ಬಾಯಿಬಿಟ್ಟಿತು. ಮಗುವಿನ ಎದೆಬಡಿತ ಅಂದರೆ ಪ್ಲಾಸ್ಟರಿನ ಗುಳ್ಳೆ ಹೋಗಲೆಂದು ನಡುಗಿಸುವ ಮಣೆ. ನಿಟ್ಟುಸಿರು ಅಂದರೆ ಅಚ್ಚಿನ ಮೇಲಿನ ಮೇಣ ತೊಳೆಯುವ ಹಬೆ.

ಅವಳು ಕೆಲಸದ ಕೋಣೆಗೆ ಬಂದಾಗ ಮೇಷ್ಟ್ರು ಒಂದು ಕೋರೆಹಲ್ಲನ್ನು ಇಕ್ಕಳದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು.

“ಮೇಷ್ಟ್ರೇ, ನನ್ನ ಗುಂಪಿಗೆ ಏನಾದ್ರೂ ಕಳಿಸಿದ್ರಾ?”

“ಹೂಂ. ಒಂದು ಹಾಡು,” ಅಂದರು ಅವರು ಹಲ್ಲಿನಿಂದ ಕಣ್ಣು ತೆಗೆಯದೆ. “ಕಂಪ್ಯೂಟರಿನಲ್ಲಿ ನಿನ್ನ ಗುಂಪು ತೆರೆದೇ ಇತ್ತು.”

“ಅವರೆಲ್ಲ ಅದನ್ನ ಅಜ್ಜನದೇ ಅಂದುಕೊಂಡಿದ್ದಾರೆ.”

ಈಗ ಮೇಷ್ಟ್ರು ಇಕ್ಕಳ ಕೆಳಗಿಟ್ಟರು. “ಹಾಗ್ಯಾಕೆ ಅಂದ್ಕೋತಾರೆ? ಕೆಳಗೆ ಬರೆದಿದ್ದೀನಲ್ಲ.”

ಇಬ್ಬರೂ ಕಂಪ್ಯೂಟರಿನ ಮುಂದೆ ಬಗ್ಗಿ ನೋಡಿದರು. ಬರೆದಿದ್ದರು, ನಿಜ. ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದ ಆ ಸಾಲು ಬರೆಯುವ ಪೆಟ್ಟಿಗೆಯಲ್ಲೇ ತಣ್ಣಗೆ ಕೂತಿತ್ತು: “ಕಾದು ಬೇಸತ್ತವರಿಗೆ, ಹೊತ್ತು ಕಳೆಯಲು. ನಮ್ಮ ಹಲ್ಲಿನ ಕೋಣೆಯ ಸದ್ದುಗಳಿಂದ ಮಾಡಿದ್ದು. ಇಂತಿ, ಮೇಷ್ಟ್ರು.” ಹಾಡು ಹೋಗಿತ್ತು. ಸಾಲನ್ನು ಕಳಿಸುವ ಗುಂಡಿ ಒತ್ತಿರಲಿಲ್ಲ.

“ಯಾಕೆ ಮಾಡಿದ್ರಿ ಇದನ್ನ?” ಹಲ್ಲಕ್ಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಎರಡು ದಿನ ನೀನು ಮಾತಾಡ್ಲಿಲ್ಲ. ನಿನ್ನೆ ಒಬ್ಬರ ಸೆಟ್ಟಿಗೆ ಎಡಗಡೆ ಕೋರೆಹಲ್ಲು ಬಲಕ್ಕೆ ಕೂರಿಸಿದ್ದೆ, ನಾನು ಬದಲಾಯಿಸಿದೆ. ಹೀಗೇ ನಾಲ್ಕು ತಿಂಗಳು ಹೋದ್ರೆ ಊರಿನ ಬಾಯೆಲ್ಲ ಹಿಂದುಮುಂದಾಗುತ್ತೆ.” ಅದು ಅವರ ಲೆಕ್ಕದಲ್ಲಿ ಒಂದು ವಾರದ ಮಾತು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. “ಸದ್ದು ಕತ್ತರಿಸಿ ಅಂಟಿಸೋದು ವಿಡಿಯೋ ನೋಡಿ ಕಲಿತೆ. ಕಷ್ಟ ಏನಿಲ್ಲ, ಮೇಣ ಕೆತ್ತಿದ ಹಾಗೇನೇ.”

“ಮತ್ತೆ ಆ ಉದ್ದನೆ ಸ್ವರ?”

ಮೇಷ್ಟ್ರು ಮೇಜಿನ ಖಾನೆ ಎಳೆದರು. ಒಳಗೆ ಒಂದು ಹಳೆಯ ಮೌತ್ ಆರ್ಗನ್, ಅದರ ಪಕ್ಕ ಡಬ್ಬಿಯಲ್ಲಿ ಒಂದು ಹಲ್ಲಿನ ಸೆಟ್ಟು. ಹರೆಯದಲ್ಲಿ ನುಡಿಸುತ್ತಿದ್ದರಂತೆ. ಹಲ್ಲು ಹೋದ ಮೇಲೆ ತುಟಿ ನಿಲ್ಲದೆ ಬಿಟ್ಟಿದ್ದರು. ಆಮೇಲೆ ಮುಂದಿನ ಸಾಲನ್ನು ಒಂದು ಎಳೆಯಷ್ಟು ಹಿಂದಕ್ಕೆ ಕೂರಿಸಿ, ನುಡಿಸಲಿಕ್ಕೆಂದೇ ಒಂದು ಬೇರೆ ಸೆಟ್ಟು ಮಾಡಿಕೊಂಡರು. ಉಣ್ಣಲಿಕ್ಕೊಂದು, ನುಡಿಸಲಿಕ್ಕೊಂದು. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ಹಲ್ಲಕ್ಕನಿಗೆ ಇದು ಗೊತ್ತಿರಲಿಲ್ಲ.

“ನುಡಿಸಿದ್ದನ್ನ ಎಂಟು ಪಾಲು ನಿಧಾನ ಮಾಡಿದೆ,” ಅಂದರು ಮೇಷ್ಟ್ರು.

ಆ ಸಾಲನ್ನು ಆಗಲೇ ಕಳಿಸಿಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಹಲ್ಲಕ್ಕ ಬೆರಳು ಗುಂಡಿಯ ತನಕ ತಂದು ಹಿಂದಕ್ಕೆಳೆದುಕೊಂಡಳು. ನಾನೂರು ಜನ ಹುಚ್ಚೆದ್ದು ಕುಣಿಯುತ್ತಿದ್ದಾರೆ. ಕೆಲವರು ಅದನ್ನು ಬೇರೆ ಗುಂಪುಗಳಿಗೂ ದಾಟಿಸಿದ್ದಾರೆ. ಪಂಡಿತರು ಅತ್ತಿದ್ದಾರೆ, ಅದನ್ನು ಊರೆಲ್ಲ ಓದುವ ಹಾಗೆ ಬರೆದೂ ಇದ್ದಾರೆ. ಈಗ ಅದು ಪ್ಲಾಸ್ಟರ್ ಮಣೆ ಎಂದು ಹೇಗೆ ಹೇಳುವುದು? ಒಂದು ದಿನ ಹೋಗಲಿ. ಎಲ್ಲಿ ಸಿಕ್ಕಿತು ಅನ್ನುವವರಿಗೆ ಉತ್ತರ ಕೊಡದಿದ್ದರಾಯಿತು. ತಾನಾಗಿ ಮರೆಯುತ್ತಾರೆ. ಹೀಗೆ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡು ಮನೆಗೆ ಹೋದಳು.

ಸಂಜೆ ತರಕಾರಿ ಹೆಚ್ಚುತ್ತ, ತಡೆಯಲಾರದೆ ಮತ್ತೊಮ್ಮೆ ಅದನ್ನೇ ಹಾಕಿದಳು. ಅತ್ತೆ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದರು. ಎರಡು ನಿಮಿಷ ಕಿವಿಗೊಟ್ಟರು.

“ಏನೇ, ಮನೆಗೂ ಕೆಲಸ ತಂದಿದ್ದೀಯಾ?”

“ಯಾಕತ್ತೆ?”

“ನನ್ನ ಹಲ್ಲಿಗೆ ಅಚ್ಚು ಹೊಯ್ಯೋವಾಗ ಅಲ್ಲೇ ಕೂತಿದ್ದೆನಲ್ಲ. ಈ ಗಡಗಡ ಆ ಮಣೆದೇ. ಆವತ್ತು ನನ್ನ ಕಾಫಿ ಲೋಟ ನಡುಗಿ ನಡುಗಿ ಮೇಜಿಂದ ಬಿತ್ತು.”

ಹಲ್ಲಕ್ಕ ಚಾಕು ಕೆಳಗಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅತ್ತೆ ಒಂದು ಅಂಗಿಯ ತೋಳನ್ನು ಎರಡು ಸಲ ಮಡಿಸಿ ಬಿಚ್ಚಿದರು.

“ನಂಗೇ ಗೊತ್ತಾಯ್ತು ಅಂದ್ಮೇಲೆ ನಾಳೆ ಯಾರಿಗಾದ್ರೂ ಗೊತ್ತಾಗುತ್ತೆ. ಆ ಕನ್ನಡಕದೋರು ಬೇರೆಯವರ ಬಾಯಿಂದ ಕೇಳೋದಕ್ಕಿಂತ ನಿನ್ನ ಬಾಯಿಂದ ಕೇಳೋದು ಮೇಲು. ಅತ್ತೋರಲ್ವಾ ಪಾಪ.”

ಮಾರನೆಯ ಬೆಳಿಗ್ಗೆ ಹಲ್ಲಕ್ಕ ನೇರ ಕನ್ನಡಕದಂಗಡಿಗೆ ಹೋದಳು. ಪಂಡಿತರು ಗಿರಾಕಿಯೊಬ್ಬರ ಮೂಗಿನ ಮೇಲೆ ಚೌಕಟ್ಟು ಕೂರಿಸಿ ನೋಡುತ್ತಿದ್ದರು. ಅವಳನ್ನು ಕಂಡದ್ದೇ ಮುಖ ಅರಳಿತು. ಗಿರಾಕಿ ಹೋದ ಕೂಡಲೇ ಗಾಜಿನ ಕಪಾಟಿನಿಂದ ಒಂದು ಹಾಳೆ ತೆಗೆದರು. “ಐದನೇ ಪುಟ ಬರೆದಿದ್ದೀನಿ. ಆ ನಿಟ್ಟುಸಿರು ಬರೋ ಜಾಗದ ಬಗ್ಗೆ.”

“ಅದು ನಿಟ್ಟುಸಿರಲ್ಲ ಪಂಡಿತರೇ. ಮೇಣ ತೊಳೆಯೋ ಹಬೆ.”

ಪಂಡಿತರು ನಕ್ಕರು. ಅವಳು ನಗಲಿಲ್ಲ. ಅವರೂ ನಿಲ್ಲಿಸಿದರು. ಅವಳು ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಪಂಡಿತರು ತಮ್ಮ ಕನ್ನಡಕ ತೆಗೆದು ಒರೆಸತೊಡಗಿದರು.

“ಮಗುವಿನ ಎದೆಬಡಿತ?”

“ಪ್ಲಾಸ್ಟರ್ ನಡುಗಿಸೋ ಮಣೆ.”

“ಆ ತಂತಿವಾದ್ಯ?”

“ಮೌತ್ ಆರ್ಗನ್. ಎಂಟು ಪಾಲು ನಿಧಾನ ಮಾಡಿದ್ದು.”

“ತಾಳ?”

“ದವಡೆ. ತಿರುಪು ಸಡಿಲ ಆಗಿದೆ.”

ಕನ್ನಡಕ ಒರೆಸಿ ಒರೆಸಿ ಸವೆದೇ ಹೋಗುತ್ತದೇನೋ ಅನ್ನಿಸಿತು. “ನಾನು ಅತ್ತಿದ್ದೆ, ಹಲ್ಲಕ್ಕ,” ಅಂದರು ಕೊನೆಗೆ. “ಆ ಅಳುನ ಏನು ಮಾಡ್ಲಿ ಈಗ? ವಾಪಸು ತಗೊಳ್ಳೋಕಾಗುತ್ತಾ?”

“ಯಾಕೆ ತಗೋಬೇಕು? ಯಾರದೋ ಹೆಸರು ಕೇಳಿ ಅತ್ತಿದ್ರೆ ತಗೊಳ್ಳಿ. ಹಾಡು ಕೇಳಿ ಅತ್ತಿದ್ರೆ ಇರ್ಲಿ. ನಂಗೂ ಮೈ ಜುಮ್ಮಂತು, ದವಡೆ ಸದ್ದು ಬರೋ ತನಕ.”

ಪಂಡಿತರು ಐದನೇ ಪುಟವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿದರು. ಅಂಗಡಿಗೆ ಬೀಗ ಹಾಕಿ, “ಆ ಮನುಷ್ಯನನ್ನ ನೋಡ್ಬೇಕು ನಾನು,” ಅಂದರು.

ಜಗಳವಾಗುತ್ತದೆ ಎಂದೇ ಹಲ್ಲಕ್ಕ ದಾರಿಯುದ್ದಕ್ಕೂ ಹೆದರಿದಳು. ಮೇಷ್ಟ್ರ ಎದುರು ನಿಂತ ಪಂಡಿತರು ಮಣೆಯ ಮೇಲೆ ಅಂಗೈ ಇಟ್ಟು ಅದು ನಡುಗುವುದನ್ನು ನೋಡಿದರು. ಲೋಹದ ದವಡೆಯನ್ನು ತೆರೆದು ಮುಚ್ಚಿದರು: ಟಟಕ್. ಮತ್ತೆ ತೆರೆದು ಮುಚ್ಚಿದರು. ಆಮೇಲೆ ಕುರ್ಚಿ ಎಳೆದು ಕೂತು ಕೇಳಿದರು. “ಮೂರನೇ ನಿಮಿಷದಲ್ಲಿ ತಾಳ ಸೇರೋಕೆ ಮುಂಚೆ ಎಲ್ಲಾ ನಿಂತುಹೋಗುತ್ತಲ್ಲ, ಅದನ್ನ ಯಾಕೆ ಹಾಗೆ ಮಾಡಿದ್ರಿ?”

ಮೇಷ್ಟ್ರು ಯೋಚಿಸಿದರು. “ಹಲ್ಲು ಕೂರಿಸಿದ ಮೇಲೆ ಕಚ್ಚಿ ನೋಡಿ ಅಂತೀವಿ. ಕಚ್ಚೋಕೆ ಮುಂಚೆ ಎಲ್ಲರೂ ಒಂದು ಗಳಿಗೆ ನಿಲ್ತಾರೆ. ನೋಯುತ್ತೋ ಏನೋ ಅಂತ.”

ಪಂಡಿತರು ಜೇಬಿನಿಂದ ಹಾಳೆ ತೆಗೆದು ಅದರ ಹಿಂಬದಿಯಲ್ಲಿ ಇದನ್ನು ಬರೆದುಕೊಂಡರು.

ಮೂವರೂ ಕೂತು ಬಳಗಕ್ಕೆ ನಿಜ ಬರೆದರು. ಮೇಷ್ಟ್ರ ಸಾಲು ಮೊದಲು, ಹಲ್ಲಕ್ಕನ ಕ್ಷಮೆ ಆಮೇಲೆ, ಕಡೆಗೆ ಪಂಡಿತರದು: “ನನ್ನ ನಾಲ್ಕು ಪುಟದಲ್ಲಿ ವಾದ್ಯಗಳ ಹೆಸರು ಮಾತ್ರ ತಪ್ಪು. ಉಳಿದದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ.” ಎಪ್ಪತ್ತು ಜನ ಸಿಟ್ಟಿನಿಂದ ಗುಂಪು ಬಿಟ್ಟರು. ಕೆಲವರು ನಮ್ಮನ್ನು ಮಂಗ ಮಾಡಿದಿರಿ ಎಂದು ಹರಿಹಾಯ್ದರು. ಆದರೆ ಹೆಚ್ಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನಕ್ಕವರಲ್ಲೇ ಒಬ್ಬ ಎರಡು ದಿನದ ಮೇಲೆ ತನ್ನ ಹೊಲಿಗೆ ಯಂತ್ರದ ಸದ್ದಿನಿಂದ ಒಂದು ಹಾಡು ಮಾಡಿ ಹಾಕಿದ. ಬಸ್ಸಣ್ಣ ಡಿಪೋದಲ್ಲಿ ನಿಂತು ಗಾಳಿ ಬ್ರೇಕಿನ ಸದ್ದು ಹಿಡಿದು ತಂದು ಮೇಷ್ಟ್ರ ಮುಂದಿಟ್ಟ, ಇದಕ್ಕೊಂದು ಗತಿ ಕಾಣಿಸಿ ಎಂದು. ಮೇಷ್ಟ್ರು ಕಾಣಿಸಿದರು. ನಾಲ್ಕು ತಿಂಗಳು ಹೇಗೆ ಹೋಯಿತೋ ಗೊತ್ತಾಗಲಿಲ್ಲ.

ಅಜ್ಜನ ಸಂಗೀತ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ. ಹಲ್ಲಿನ ಕೋಣೆಯಲ್ಲಿ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರು. ಬಸ್ಸಣ್ಣ ತನ್ನ ಮನೆಯ ಎರಡು ದೊಡ್ಡ ಸ್ಪೀಕರ್ ಹೊತ್ತು ತಂದಿದ್ದ. ಪಂಡಿತರು ಕೈಯಲ್ಲಿ ಹಾಳೆ, ಪೆನ್ನು ಏನೂ ಇಲ್ಲದೆ ಬಂದಿದ್ದರು. ನೋಡೇಬಿಡೋಣ ಅಂತ ಅತ್ತೆಯೂ ಬಂದು, ಕಿಟಕಿ ಹತ್ತಿರದ ಕುರ್ಚಿ ಹಿಡಿದಿದ್ದರು.

ಮೊದಲ ಹಾಡು ಶುರುವಾದಾಗ ಹಲ್ಲಕ್ಕನಿಗೆ ಭಯವಾಯಿತು. ಬಹಳ ತೆಳುವಾಗಿತ್ತು. ಒಂದು ಪಿಟೀಲು, ಅದೂ ಬೇಕೋ ಬೇಡವೋ ಎಂಬಂತೆ. ಇಷ್ಟಕ್ಕಾ ಕಾದದ್ದು ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿ, ಯಾರ ಮುಖವನ್ನೂ ನೋಡದೆ ನೆಲ ನೋಡುತ್ತ ಕೂತಳು. ಎರಡನೆಯದೂ ಹಾಗೇ ಹೋಯಿತು. ನಾಲ್ಕನೆಯದರಲ್ಲಿ ಆ ಪಿಟೀಲಿನ ಜೊತೆ ಇನ್ನೊಂದು ಸೇರಿತು, ಆಮೇಲೆ ಮತ್ತೊಂದು. ಯಾವಾಗ ಅಷ್ಟು ಮಂದಿ ಸೇರಿದರು ಎಂಬುದೇ ತಿಳಿಯಲಿಲ್ಲ. ಕತ್ತಲಲ್ಲಿ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತ ಹಾಗೆ. ಆರನೆಯದು ಮುಗಿಯುವ ಹೊತ್ತಿಗೆ ಹಲ್ಲಕ್ಕ ತಾನು ಕಾದಿದ್ದೆ ಎನ್ನುವುದನ್ನೂ ಮರೆತಿದ್ದಳು.

ಪೂರ್ತಿ ಮುಗಿದ ಮೇಲೆ ಪಂಡಿತರು ಕನ್ನಡಕದ ಅಡಿಗೆ ಬೆರಳು ತೂರಿಸಿ ಕಣ್ಣೊತ್ತಿಕೊಂಡರು.

“ದೊಡ್ಡ ಕೆಲಸ,” ಅಂದರು ಮೇಷ್ಟ್ರು.

“ನಮ್ಮದಕ್ಕಿಂತ ದೊಡ್ಡದಾ?” ಬಸ್ಸಣ್ಣ ಕೇಳಿದ.

ಮೇಷ್ಟ್ರು ಪ್ರಶ್ನೆಯನ್ನು ಗಂಭೀರವಾಗಿಯೇ ತೂಗಿ ನೋಡಿದರು. “ಅವರ ಹತ್ರ ಯಂತ್ರಗಳು ಚೆನ್ನಾಗಿವೆ,” ಅಂದರು.

ಎಲ್ಲರಿಗಿಂತ ಜೋರಾಗಿ ನಕ್ಕವರು ಅತ್ತೆ. ನಗು ನಿಂತ ಮೇಲೆ ಸೆರಗಿನಿಂದ ಬಾಯೊರೆಸಿಕೊಂಡು ಸೊಸೆಯ ಕಡೆ ತಿರುಗಿದರು. “ಅಲ್ಲಾ ಕಣೇ, ಇದರ ಸಿನಿಮಾ ಅಂತ ಒಂದು ಇದೆ ಅಂದಿದ್ದೆಯಲ್ಲ, ಅದು ಯಾವಾಗ?”

“ಇನ್ನು ಮೂರು ವಾರ, ಅತ್ತೆ.”

“ನಂಗೂ ಒಂದು ಟಿಕೆಟ್ ತೆಗೆಸು,” ಅಂದರು ಅತ್ತೆ. “ಕಥೆ ಏನು ಅಂತ ನಮ್ಮಲ್ಲಿ ಒಬ್ಬರಾದ್ರೂ ಕೇಳ್ಕೊಂಡು ಬರಬೇಕಲ್ಲ.”